ಅತ್ತೆಯ ಕಪಾಟು ಮತ್ತು ಫೀಸು ಇಲ್ಲದ ಕೋರ್ಟು

ನನ್ನ ಸೋದರಮಾವನಿಗೆ ಕೋರ್ಟಿನ ಮೇಲೆ ಇದ್ದಷ್ಟು ಭಕ್ತಿ ದೇವಸ್ಥಾನದ ಮೇಲೆ ಇರಲಿಲ್ಲ. ದೇವಸ್ಥಾನಕ್ಕೆ ಅವರು ಹಬ್ಬಹರಿದಿನಗಳಲ್ಲಿ, ಅದೂ ಅತ್ತೆ ನಾಲ್ಕು ಸಲ ನೆನಪಿಸಿದ ಮೇಲೆ, ಹೊರಡುತ್ತಿದ್ದರು. ಕೋರ್ಟಿನ ದಿನ ಮಾತ್ರ ಯಾರೂ ಎಬ್ಬಿಸಬೇಕಾಗಿರಲಿಲ್ಲ. ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕಾಗದಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಕೊಟ್ಟಾರದ ಬಸ್‌ಸ್ಟಾಪಿನಲ್ಲಿ ನಿಂತರೆ, ನೋಡಿದವರು ಯಾರದೋ ಮದುವೆಗೆ ಹೊರಟಿದ್ದಾರೆ ಎಂದುಕೊಳ್ಳಬೇಕು.

ಎಪ್ಪತ್ತರ ದಶಕದಲ್ಲಿ ಉಳುವವನಿಗೆ ಭೂಮಿ ಎಂಬ ಕಾಯ್ದೆ ಬಂದು ನಮ್ಮ ಗದ್ದೆಗಳು ಒಕ್ಕಲುಗಳ ಪಾಲಾದವು. ಗದ್ದೆ ಹೋದರೂ ಗದ್ದೆಯ ವ್ಯಾಜ್ಯಗಳು ಮಾವನ ಪಾಲಿಗೆ ಉಳಿದವು. ಅದಕ್ಕೂ ಮುಂಚಿನ ಕುಟುಂಬದ ಪಾಲಿನ ದಾವೆ ಬೇರೆ ಇತ್ತು. ಅಷ್ಟು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಅವರು ಒಂದು ವಿದ್ಯೆ ಸಂಪಾದಿಸಿದ್ದರು. ದಾವೆಯ ಮೌಲ್ಯ ಹೆಚ್ಚಾದಷ್ಟೂ ಕೋರ್ಟ್ ಫೀ ಸ್ಟಾಂಪು ಹೆಚ್ಚು ಅಂಟಿಸಬೇಕು. ಆದ್ದರಿಂದ ಬುದ್ಧಿವಂತನಾದವನು ತನ್ನ ಆಸ್ತಿಯನ್ನು ಆದಷ್ಟು ಬಡವಾಗಿ ಬರೆಯಬೇಕು. ಪಾಲಿನ ದಾವೆಯಲ್ಲಿ ಅವರು ಕೊಟ್ಟಾರದ ಎರಡು ಅಂತಸ್ತಿನ ಮನೆಯನ್ನು ‘ಹಂಚು ಹೊದೆಸಿದ ಒಂದು ಹಳೆಯ ಮಾಡು’ ಎಂದು ಬರೆಸಿದ್ದರಂತೆ. ಬೇಸಿಗೆಯಲ್ಲೂ ಬತ್ತದ ಬಾವಿ ‘ನೀರಿನ ಹೊಂಡ’ ಆಗಿತ್ತು. ಅಜ್ಜ ನೆಟ್ಟು ಬೆಳೆಸಿದ ತೆಂಗಿನ ತೋಟ ‘ಕೆಲವು ಗಿಡಗಳು’ ಎಂಬಲ್ಲಿಗೆ ಮುಗಿದಿತ್ತು. ಆ ದಾವೆಯ ನಕಲು ಓದಿದ ದಿನ ಅತ್ತೆ, “ಇಂಥ ಮನೆ ಅಂತ ಗೊತ್ತಿದ್ದರೆ ನನ್ನ ಅಪ್ಪ ನನ್ನನ್ನು ಇಲ್ಲಿಗೆ ಕೊಡ್ತಾನೇ ಇರಲಿಲ್ಲ” ಎಂದಿದ್ದರು.

ಅತ್ತೆಯ ಕಪಾಟಿನ ಈ ಸಂಗತಿ ಎಂಬತ್ತರ ದಶಕದ ಕೊನೆಯದು. ನಾನು ಆಗ ಡಿಗ್ರಿ ಮುಗಿಸಿ, ಟೈಪಿಂಗ್ ಕಲಿಯುತ್ತಾ, ಕೊಟ್ಟಾರದಲ್ಲಿ ಅವರ ಮನೆಯಲ್ಲೇ ಇದ್ದೆ.

ಅತ್ತೆ ಅಂಗಳದಲ್ಲಿ ಮಲ್ಲಿಗೆ ಬೆಳೆದು, ಕಟ್ಟಿ, ಹೂವಿನವಳಿಗೆ ಕೊಟ್ಟು ಒಂದಿಷ್ಟು ಹಣ ಕೂಡಿಸಿಕೊಂಡಿದ್ದರು. ಅದರಲ್ಲಿ ಒಂದು ಉಕ್ಕಿನ ಕಪಾಟು ತೆಗೆದುಕೊಂಡರು. ಬೈಕಂಪಾಡಿಯ ಯಾವುದೋ ವರ್ಕ್‌ಶಾಪಿನಲ್ಲಿ ತಯಾರಾಗಿ ಪೇಟೆಯ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಹಸಿರು ಕಪಾಟು ಅದು. ಬಿಲ್ಲು ಅತ್ತೆಯ ಹೆಸರಿನಲ್ಲೇ ಆಯಿತು. ಆ ಮನೆಯಲ್ಲಿ ಪೆಟ್ಟಿಗೆ, ಭತ್ತ ತುಂಬಿಡುವ ಪತ್ತಾಯ, ಮಂಚ ಎಲ್ಲವೂ ಎಲ್ಲರದ್ದು. ಬೀಗ ಹಾಕಿ ಇದು ನನ್ನದು ಎನ್ನಬಹುದಾದ ಒಂದು ವಸ್ತು ಅತ್ತೆಗೆ ಮದುವೆಯಾಗಿ ಬಂದ ಲಾಗಾಯ್ತು ಇರಲಿಲ್ಲ. ಕಪಾಟು ಬಂದ ದಿನ ಅವರು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಡುಗೆಮನೆಗೆ ಸುಮ್ಮನೆ ಓಡಾಡಿದರು.

ಮೊದಲ ಮಳೆಗಾಲ ಮುಗಿಯುವುದರೊಳಗೆ ಹಸಿರು ಬಣ್ಣ ಹಪ್ಪಳದಂತೆ ಎದ್ದು ಬಂತು. ಒಳಗೆ ತುಕ್ಕು. ಅತ್ತೆಯ ಮದುವೆಯ ಸೀರೆಯ ಸೆರಗಿನಲ್ಲಿ ಕಾಫಿ ಚೆಲ್ಲಿದಂಥ ಕಲೆ. ಅದಕ್ಕಿಂತ ದೊಡ್ಡ ಅನಾಹುತ ಬೀಗದ್ದು. ಕೀಲಿ ಹಾಕಿ ಎಷ್ಟು ತಿರುಗಿಸಿದರೂ ಬಾಗಿಲು ತೆರೆಯುತ್ತಿರಲಿಲ್ಲ. ಹಿಡಿಯ ಕೆಳಗೆ ಮೊಣಕಾಲಿನಿಂದ ಒಂದು ಏಟು ಕೊಟ್ಟರೆ ಮಾತ್ರ ಹಲ್ಲು ಕಿತ್ತ ಹಾಗೆ ‘ಟಕ್’ ಎಂದು ತೆರೆಯುತ್ತಿತ್ತು. ಈ ಗುಟ್ಟು ಒಂದೇ ವಾರದಲ್ಲಿ ಇಡೀ ಮನೆಗೆ ಗೊತ್ತಾಯಿತು. ಅಂದರೆ, ಕೀಲಿ ಇದ್ದ ಅತ್ತೆಯೊಬ್ಬರನ್ನು ಬಿಟ್ಟು ಮೊಣಕಾಲು ಇದ್ದವರೆಲ್ಲರಿಗೂ ಆ ಕಪಾಟು ತೆರೆಯುತ್ತಿತ್ತು. ಅತ್ತೆಗೆ ಮೊಣಕಾಲು ನೋವು. ಅವರು ಒಳಗಿಟ್ಟಿದ್ದ ಹುರಿದ ಗೇರುಬೀಜದ ಡಬ್ಬಿ ದಿನದಿಂದ ದಿನಕ್ಕೆ ಹಗುರವಾಗತೊಡಗಿತು.

ಅಂಗಡಿಗೆ ನಾನೂ ಅತ್ತೆಯೂ ಹೋದೆವು. ಅಂಗಡಿಯ ಯಜಮಾನರು ಬಹಳ ಮರ್ಯಾದೆಯಿಂದ ಕೂರಿಸಿ, ಸೋಡಾ ತರಿಸಿಕೊಟ್ಟು ಹೇಳಿದರು: “ಇದು ಕಪಾಟಿನ ದೋಷ ಅಲ್ಲ ಅಮ್ಮ, ಗಾಳಿಯ ದೋಷ. ಸಮುದ್ರ ಹತ್ತಿರ ಉಂಟಲ್ಲ, ಉಪ್ಪು ಬರ್ತದೆ. ನಾನು ಎಂತ ಮಾಡ್ಲಿಕ್ಕಾಗ್ತದೆ?”

“ಸಮುದ್ರ ಮೊನ್ನೆ ಬಂದದ್ದಾ?” ಎಂದರು ಅತ್ತೆ. “ನೀವು ಮಾರುವಾಗಲೂ ಅಲ್ಲೇ ಇತ್ತು.”

ಯಜಮಾನರು ನಕ್ಕರು. ಕಪಾಟು ಬದಲಾಗಲಿಲ್ಲ.

ಗ್ರಾಹಕರಿಗಾಗಿ ಹೊಸ ಕೋರ್ಟು ಆಗಿದೆ ಎಂಬ ಸುದ್ದಿ ತಂದವರು ಪಕ್ಕದ ಮನೆಯ ಮಾಷ್ಟ್ರು. ದೇವಸ್ಥಾನದ ಪೂಜೆಯ ಮನೆತನದವರು, ಶಾಲೆಯಿಂದ ನಿವೃತ್ತರಾದವರು, ದಿನಪತ್ರಿಕೆಯನ್ನು ಮುದ್ರಕರ ಹೆಸರಿನವರೆಗೆ ಓದುವವರು. ಮಾವನನ್ನು ಅವರು ‘ಧಣಿಗಳೇ’ ಎಂದೇ ಕರೆಯುತ್ತಿದ್ದರು. ಗದ್ದೆ ಹೋದ ಮೇಲೆ ಸ್ವಲ್ಪ ಹೆಚ್ಚೇ ಕರೆಯುತ್ತಿದ್ದರು. ಕಂಪೌಂಡಿನ ಗೋಡೆಯ ಮೇಲೆ ಪತ್ರಿಕೆ ಹರಡಿ ಅವರು ಓದಿ ಹೇಳಿದರು.

“ವಕೀಲರು ಬೇಕಾಗಿಲ್ಲ ಧಣಿಗಳೇ. ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಆಯ್ತು. ಫೀಸೂ ಇಲ್ಲ.”

“ಯಾವುದಿಲ್ಲ?”

“ಫೀಸು.”

ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಫೀಸು ಇಲ್ಲದ ಕೋರ್ಟು ಅಂತ ಉಂಟಾ ಮಾರಾಯ್ರೆ? ಎಷ್ಟು ಅಂತ ಬರೀಲಿಕ್ಕೆ ಪೇಪರಿನವರು ಮರ್ತಿರಬೇಕು.”

“ಸರಕಾರವೇ ಹೇಳಿದೆಯಲ್ಲ.”

“ಸರಕಾರ ಹೇಳ್ತದೆ. ಗುಮಾಸ್ತ ಹೇಳಬೇಕಲ್ಲ? ನಿಮ್ಮಲ್ಲೇ ನೋಡಿ, ತಟ್ಟೆಗೆ ಏನೂ ಹಾಕದವನಿಗೆ ಪ್ರಸಾದ ಕೊಡ್ತೀರಾ?”

“ಕೊಡ್ತೇವೆ,” ಎಂದರು ಮಾಷ್ಟ್ರು, “ಸ್ವಲ್ಪ ಮೇಲಿಂದ ಹಾಕ್ತೇವೆ, ಅಷ್ಟೇ.”

“ಅದೇ ನಾನು ಹೇಳಿದ್ದು. ನನಗೆ ಮೇಲಿಂದ ಹಾಕಿದ ನ್ಯಾಯ ಬೇಡ.”

ದೂರು ಬರೆಯುವ ಕೆಲಸ ನನಗೆ ಬಂತು; ನನ್ನ ಅಕ್ಷರ ಚೆಂದ ಎಂದು ಮನೆಯಲ್ಲಿ ಒಂದು ನಂಬಿಕೆ ಇತ್ತು. ಮಾವ ಜಗುಲಿಯಲ್ಲಿ ಅಡ್ಡಾಡುತ್ತಾ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕಪಾಟಿನ ವರ್ಣನೆ ಬಂದಾಗ ಅವರ ಹಳೆಯ ವಿದ್ಯೆ ತಾನಾಗಿ ಎದ್ದು ನಿಂತಿತು.

“ಬರಿ ಮಗಾ. ‘ಸಾಧಾರಣ ತಗಡಿನ ಒಂದು ಚಿಕ್ಕ ಕಪಾಟು.’”

ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿದರು. “ಚಿಕ್ಕದಾ? ಅದನ್ನು ಒಳಗೆ ತರ್ಲಿಕ್ಕೆ ಬಾಗಿಲಿನ ದಾರಂದ ಕೆತ್ತಿಸಿದ್ದು ಯಾರು?”

“ನೀನು ಸುಮ್ಮನಿರು. ‘ಇದರ ಬೆಲೆ ಒಂದು ಸಾವಿರ ರೂಪಾಯಿ. ಆ ಮೊತ್ತವನ್ನು ವಾಪಸ್ ಕೊಡಿಸಬೇಕು.’”

“ನಾನು ಕೊಟ್ಟದ್ದು ಎರಡು ಸಾವಿರ.”

“ಗೊತ್ತುಂಟು. ಎರಡು ಅಂತ ಬರೆದರೆ ಫೀಸು ಎರಡರ ಮೇಲೆ ಹಾಕ್ತಾರೆ. ಎಲ್ಲರೂ ಅರ್ಧವೇ ಬರೆಯುವುದು. ಜಡ್ಜಿಗೆ ಅದೆಲ್ಲ ಗೊತ್ತಿರ್ತದೆ.”

“ಫೀಸು ಇಲ್ಲ ಅಂತ ಮಾಷ್ಟ್ರು ಹೇಳಿದ್ರಲ್ಲ?”

“ಮಾಷ್ಟ್ರು ಎಷ್ಟು ಕೋರ್ಟು ಕಂಡಿದ್ದಾರೆ?”

ಅತ್ತೆ ಹೂವಿನ ಗಂಟನ್ನು ಸ್ವಲ್ಪ ಜೋರಾಗಿಯೇ ಎಳೆದು ದೂರಿಗೆ ಸಹಿ ಮಾಡಿಕೊಟ್ಟರು.

ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ಆ ಹೊಸ ಕೋರ್ಟಿನ ಆಫೀಸು. ಮೂವರೂ ಹೋದೆವು. ಮಾವ ದಾರಿಯಲ್ಲೇ ಸ್ಟಾಂಪು ಖರೀದಿಸಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಗುಮಾಸ್ತರು ದೂರನ್ನೂ ಬಿಲ್ಲಿನ ನಕಲನ್ನೂ ತೆಗೆದುಕೊಂಡು, ತಾರೀಕು ಹಾಕಿ, ಸರಿ ಹೋಗಿ ಎಂದರು.

“ಫೀಸು?” ಎಂದರು ಮಾವ.

“ಇಲ್ಲ.”

“ಇಲ್ಲ ಅಂದ್ರೆ ಈಗ ಇಲ್ಲವಾ, ಆಮೇಲೆ ಉಂಟಾ?”

“ಈಗಲೂ ಇಲ್ಲ, ಆಮೇಲೂ ಇಲ್ಲ.”

ಮಾವ ಸ್ಟಾಂಪುಗಳನ್ನು ಮೇಜಿನ ಮೇಲೆ ಇಟ್ಟರು. “ಇರಲಿ, ಇದನ್ನು ಅಂಟಿಸಿ.”

ಗುಮಾಸ್ತರು ಸ್ಟಾಂಪನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರು. “ಇದನ್ನು ಅಂಟಿಸಿದರೆ ನಾನು ಯಾವ ಲೆಕ್ಕದಲ್ಲಿ ಬರೀಬೇಕು? ನನ್ನ ಕೆಲಸ ತೆಗೀತೀರಾ ನೀವು?”

“ಹಾಗಾದ್ರೆ ಫೀಸು ಇಲ್ಲ ಅಂತ ಒಂದು ರಶೀದಿ ಕೊಡಿ.”

“ತಗೊಳ್ಳದ ದುಡ್ಡಿಗೆ ರಶೀದಿ ಕೊಡುವ ಪುಸ್ತಕ ನಮ್ಮಲ್ಲಿ ಇಲ್ಲ ಯಜಮಾನ್ರೆ.”

ಅಷ್ಟರಲ್ಲಿ ನಮ್ಮ ಹಿಂದೆ ನಿಂತಿದ್ದವರು ಗೊಣಗತೊಡಗಿದರು. ಅತ್ತೆ ಸ್ಟಾಂಪುಗಳನ್ನು ಎತ್ತಿ ಮಾವನ ಕಿಸೆಗೆ ತುರುಕಿ ಅವರನ್ನು ಮೆಟ್ಟಿಲಿನ ಕಡೆ ತಿರುಗಿಸಿದರು. ಇಳಿಯುವಾಗ ಮಾವ ಕಾಲು ತೊಳೆಯದೆ ಗುಡಿಯೊಳಗೆ ಹೋಗಿ ಬಂದವರಂತೆ ಕುಗ್ಗಿದ್ದರು. “ಇದು ನಡೆಯುವ ಕೇಸಲ್ಲ,” ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದರು. ಈಗ ಆ ಕೋರ್ಟಿನಲ್ಲೂ ದೊಡ್ಡ ಮೊತ್ತದ ದೂರುಗಳಿಗೆ ಫೀಸು ಬಂದಿದೆಯಂತೆ, ಸಣ್ಣವಕ್ಕೆ ಇಲ್ಲವಂತೆ. ಮಾವ ಇದ್ದಿದ್ದರೆ, ಅಂತೂ ಬುದ್ಧಿ ಬಂತು ಎನ್ನುತ್ತಿದ್ದರು.

ವಿಚಾರಣೆಯ ದಿನ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಅಧ್ಯಕ್ಷರು, ಒಂದು ಬದಿಗೆ ಒಬ್ಬ ಹಿರಿಯರು, ಇನ್ನೊಂದು ಬದಿಗೆ ಒಬ್ಬ ಮಹಿಳಾ ಸದಸ್ಯರು. ಅಂಗಡಿಯ ಯಜಮಾನರು ಸಮುದ್ರದ ವಿಷಯ ತೆಗೆದರು. ಮಹಿಳಾ ಸದಸ್ಯರು ಅವರನ್ನು ತಡೆದು, “ತುಕ್ಕು ಇರಲಿ, ಬೀಗದ್ದು ಎಂತ?” ಎಂದು ಅತ್ತೆಯನ್ನು ಕೇಳಿದರು.

“ಕೀಲಿಯಲ್ಲಿ ತೆರೆಯುವುದಿಲ್ಲಮ್ಮ. ಮೊಣಕಾಲಿನಲ್ಲಿ ತೆರೀತದೆ.”

“ಮೊಣಕಾಲಿನಲ್ಲಿ ಹೇಗೆ?”

ಅತ್ತೆ ಹೇಳುವ ಮೊದಲೇ ಮಾವ ಎದ್ದು, ಪಂಚೆಯನ್ನು ಸ್ವಲ್ಪ ಎತ್ತಿ ಹಿಡಿದು, ಇಲ್ಲದ ಕಪಾಟಿಗೆ ಸರಿಯಾದ ಎತ್ತರದಲ್ಲಿ, ಸರಿಯಾದ ಓರೆಯಲ್ಲಿ ಒಂದು ಏಟು ಕೊಟ್ಟು ತೋರಿಸಿದರು.

“ನಿಮಗೆ ಒಳ್ಳೆ ಅಭ್ಯಾಸ ಉಂಟು,” ಎಂದರು ಮಹಿಳಾ ಸದಸ್ಯರು.

ಅತ್ತೆ ಮಾವನ ಕಡೆ ನೋಡಿದರು. ಗೇರುಬೀಜದ ಡಬ್ಬಿಯ ವಿಚಾರಣೆ ಅಲ್ಲಿಗೆ ಮುಗಿಯಿತು.

ಅಂಗಡಿಯವರು ಅಷ್ಟರಲ್ಲಿ ದೂರಿನ ಪ್ರತಿಯನ್ನು ಮತ್ತೊಮ್ಮೆ ಓದಿಕೊಂಡಿದ್ದರು. ಅವರ ಮುಖ ಅರಳಿತು. “ಸ್ವಾಮಿ, ನನಗೆ ತಕರಾರು ಬೇಡ. ಅಮ್ಮ ಕೇಳಿದ್ದು ಸಾವಿರ. ಸಾವಿರ ಈಗಲೇ ಕೊಡ್ತೇನೆ, ಕಪಾಟು ವಾಪಸ್ ತಗೊಂಡು ಹೋಗ್ತೇನೆ.”

ಅತ್ತೆಯ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಸಾವಿರ ರೂಪಾಯಿಗೆ ಅರ್ಧ ಕಪಾಟು ಯಾರೂ ಕೊಡುವುದಿಲ್ಲ. ಇನ್ನರ್ಧಕ್ಕೆ ಮತ್ತೆ ಎಷ್ಟು ಮಳೆಗಾಲದ ಮಲ್ಲಿಗೆ ಕಟ್ಟಬೇಕು?

ಅಧ್ಯಕ್ಷರು ಬಿಲ್ಲನ್ನು ಕನ್ನಡಕದ ಹತ್ತಿರ ಹಿಡಿದರು. “ಬಿಲ್ಲಿನಲ್ಲಿ ಎರಡು ಸಾವಿರ ಉಂಟು. ದೂರಿನಲ್ಲಿ ಒಂದು ಅಂತ ಉಂಟು. ಯಾವುದು ಸರಿ?”

ಮಾವ ಗಂಟಲು ಸರಿಮಾಡಿಕೊಂಡರು, ಆದರೆ ಮಾತು ಹೊರಡಲಿಲ್ಲ. ಜೀವಮಾನವಿಡೀ ಬರೆಸಿದ ಹಳೆಯ ಮಾಡು, ನೀರಿನ ಹೊಂಡ, ಕೆಲವು ಗಿಡಗಳು ಎಲ್ಲವೂ ಒಟ್ಟಿಗೆ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿರಬೇಕು. ನಿಜ ಹೇಳಿದರೆ ಕೋರ್ಟಿನ ಎದುರೇ ಕೋರ್ಟಿಗೆ ಕೈಕೊಡುವ ಗುಟ್ಟು ಬಿಚ್ಚಬೇಕು.

ಎದ್ದು ನಿಂತವರು ಅತ್ತೆ. “ಬಿಲ್ಲೇ ಸರಿ ಸ್ವಾಮಿ. ಫೀಸು ಉಳಿಸ್ಲಿಕ್ಕೆ ಅಂತ ನಮ್ಮವರು ಅರ್ಧ ಬರೆಸಿದ್ದು.”

“ಇಲ್ಲಿ ಫೀಸೇ ಇಲ್ಲವಲ್ಲಮ್ಮ?”

“ನಾನೂ ಹಾಗೇ ಹೇಳಿದೆ. ಅವರಿಗೆ ದೊಡ್ಡ ದೊಡ್ಡ ಕೋರ್ಟಿನ ಅಭ್ಯಾಸ.”

ಹಿರಿಯ ಸದಸ್ಯರು ಮುಖಕ್ಕೆ ಕಾಗದ ಅಡ್ಡ ಹಿಡಿದರು. ಅಧ್ಯಕ್ಷರು ನಗಲಿಲ್ಲ, ನಗದೆ ಇರಲು ಅವರು ಪಡುತ್ತಿದ್ದ ಕಷ್ಟ ಮಾತ್ರ ಕಾಣುತ್ತಿತ್ತು. “ನೀವು ಕಡಿಮೆ ಬರೆದದ್ದರಿಂದ ಸರಕಾರಕ್ಕೆ ಏನೂ ನಷ್ಟ ಆಗಲಿಲ್ಲ ಯಜಮಾನ್ರೆ,” ಎಂದರು ಮಾವನಿಗೆ. “ನಷ್ಟ ಆಗ್ತಿದ್ದದ್ದು ನಿಮ್ಮ ಮನೆಯವರಿಗೆ. ಒಂದು ತಿದ್ದುಪಡಿ ಅರ್ಜಿ ಬರೆದು ಕೊಡಿ, ಸರಿಯಾದ ಮೊತ್ತ ಹಾಕಿ.”

ಮಾವನಿಗೆ ಕೂಡಲೇ ಮಾತು ಬಂತು. “ಅದಕ್ಕೆ ಫೀಸು ಎಷ್ಟಾಗ್ತದೆ?”

ಆಗ ಅಧ್ಯಕ್ಷರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ಹೊರಗೆ ಹೋಗಿ ನಕ್ಕು ಬಂದರು.

ಅರ್ಜಿಯನ್ನು ಅಲ್ಲೇ ಕಿಟಕಿಯ ದಂಡೆಯ ಮೇಲೆ ಹಾಳೆ ಇಟ್ಟು ನಾನು ಬರೆದೆ. ಈ ಸಲ ಹೇಳಿ ಬರೆಸಿದವರು ಅತ್ತೆ. ‘ಆರೂವರೆ ಅಡಿಯ ದೊಡ್ಡ ಕಪಾಟು’ ಎಂದರು. ‘ಒಳಗೆ ಕನ್ನಡಿ ಇದ್ದದ್ದು’ ಎಂದರು. ಮಾವ ಪಕ್ಕದಲ್ಲಿ ನಿಂತು ಒಂದೊಂದು ವಿಶೇಷಣ ಬಿದ್ದಾಗಲೂ ಕಿಸೆ ಮುಟ್ಟಿಕೊಳ್ಳುತ್ತಿದ್ದರು.

ತೀರ್ಪು ಅತ್ತೆಯ ಕಡೆ ಆಯಿತು. ಹೊಸ ಕಪಾಟು ಕೊಡಬೇಕು, ಇಲ್ಲವೇ ಪೂರ್ತಿ ಹಣ ಕೊಡಬೇಕು. ಅಂಗಡಿಯವರು ಕಪಾಟನ್ನೇ ಕಳುಹಿಸಿದರು, ಬೇರೆ ಬಣ್ಣ, ಬೇರೆ ಬೀಗ. ಗಾಡಿಯಿಂದ ಇಳಿಸಿದ ಕೂಡಲೇ ಅತ್ತೆ ಮಾವನನ್ನು ಕರೆದು, “ಒಮ್ಮೆ ಮೊಣಕಾಲು ಕೊಟ್ಟು ನೋಡಿ,” ಎಂದರು. ಮಾವ ಸಂಕೋಚದಿಂದ ಒಂದು ಕೊಟ್ಟರು. ತೆರೆಯಲಿಲ್ಲ. ಇನ್ನೊಂದು ಸ್ವಲ್ಪ ಮನಸ್ಸಿಟ್ಟು ಕೊಟ್ಟರು. ಆಗಲೂ ತೆರೆಯಲಿಲ್ಲ. ಅತ್ತೆ ಕೀಲಿ ಹಾಕಿ ತಿರುಗಿಸಿದರು. ಬಾಗಿಲು ಸದ್ದಿಲ್ಲದೆ ತೆರೆಯಿತು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಮಾವನ ವ್ಯಾಜ್ಯದ ಕಾಗದಗಳಿಗೆ ಗೆದ್ದಲು ಹಿಡಿಯಿತು. ಅವರು ಅತ್ತೆಯ ಹತ್ತಿರ ಬಂದು, ಹೂವಿನ ಬುಟ್ಟಿಯನ್ನು ನೋಡುತ್ತಾ ನಿಂತರು.

“ನಿನ್ನ ಕಪಾಟಿನಲ್ಲಿ ಸ್ವಲ್ಪ ಜಾಗ ಉಂಟಾ? ಎರಡು ಹಳೆಯ ಕಾಗದ ಇಡ್ಲಿಕ್ಕೆ.”

“ಉಂಟು,” ಎಂದರು ಅತ್ತೆ. “ಆದ್ರೆ ಇಲ್ಲಿ ಫೀಸು ಉಂಟು.”

“ಎಂತ ಫೀಸು?”

“ಸಂಜೆ ಮಲ್ಲಿಗೆಗೆ ಒಂದು ಕೊಡಪಾನ ನೀರು.”

ಮಾವ ಒಪ್ಪಿದರು. ಒಳಗೆ ಹೋಗಿ ಕಾಗದ ತಂದರು. ಎರಡೂ ಕೈಯಲ್ಲಿ ತಬ್ಬಿಕೊಂಡು ತರಬೇಕಾದಷ್ಟು ದೊಡ್ಡ ಕಟ್ಟು ಅದು, ಮೇಲೆ ಗದ್ದವನ್ನು ಒತ್ತಿ ಹಿಡಿದಿದ್ದರು. ಅತ್ತೆ ಕಟ್ಟನ್ನು ನೋಡಿದರು, ಮಾವನನ್ನು ನೋಡಿದರು.

“ಇದಾ ಎರಡು ಕಾಗದ?”

ಮಾವ ಕಟ್ಟನ್ನು ಕೆಳಗಿಟ್ಟು, ಹಿಂದಿನ ಅಂಗಳಕ್ಕೆ ಹೋಗಿ, ಎರಡು ಕೊಡಪಾನ ಎತ್ತಿಕೊಂಡು ಆ ‘ನೀರಿನ ಹೊಂಡ’ದ ಕಡೆ ನಡೆದರು.