ಹಾರ್ಟಕ್ಕ ಹೇಳಿಕೊಟ್ಟ ಉತ್ತರ

ಅವಳ ನಿಜವಾದ ಹೆಸರು ವೈದ್ಯಕೀಯ ಕಾಲೇಜಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಎಲ್ಲರಿಗೂ ಅವಳು ಹಾರ್ಟಕ್ಕ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹೊದಿಕೆ, ಆಪರೇಷನ್ ಗೌನು, ದಿಂಬಿನ ಚೀಲ ಹೊಲಿಯುವುದು ಅವಳ ಕೆಲಸ. ಹೆಸರು ಬಂದದ್ದು ಮಾತ್ರ ಎದೆಯೊಳಗಿನ ಒಂದು ಸದ್ದಿನಿಂದ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಮ್ಮೆಂದು ತೋರಿಸಲು ಬಂದವಳ ಎದೆಗೆ ಹಳೆಯ ಪ್ರೊಫೆಸರು ಕಿವಿಗೊಟ್ಟರು. ಹೃದಯದ ಒಂದು ಕವಾಟ ಕಿರಿದಾಗಿತ್ತು. ಆಪರೇಷನ್ ಈಗಲೇ ಬೇಡ, ಆಗಾಗ ಬಂದು ತೋರಿಸು ಎಂದರು. ಅವರ ಮುಖ ಅರಳಿದ್ದನ್ನು ಅವಳು ನೋಡಿದ್ದಳು. ಪುಸ್ತಕದಲ್ಲಿ ಬರೆದಿಟ್ಟಷ್ಟು ಸ್ಪಷ್ಟವಾದ ಸದ್ದು, ಕಲಿಸುವವರಿಗೆ ಇನ್ನೇನು ಬೇಕು! ಆಗ ಕಾಲೇಜೆಂದರೆ ಹಳೆಯ ಕುದುರೆ ಲಾಯದ ಎರಡು ಕೋಣೆ, ಇಪ್ಪತ್ತು ವಿದ್ಯಾರ್ಥಿಗಳು, ಒಂದೇ ಅಸ್ಥಿಪಂಜರ. ವಿದ್ಯಾರ್ಥಿಗಳು ನಿಜವಾದ ರೋಗಿಯನ್ನು ನೋಡಿ ಕಾಯಿಲೆ ಹೇಳಬೇಕಾದ ಪರೀಕ್ಷೆಯ ಹೊತ್ತಿಗೆ ಕೈಗೆ ಸಿಗಲಿ ಎಂದು ಆ ಪ್ರೊಫೆಸರೇ ಅವಳಿಗೆ ಹೊಲಿಗೆ ಕೆಲಸ ಕೊಡಿಸಿದರು. ಕುದುರೆ ಲಾಯ ಹೋಗಿ ಏಳು ಮಹಡಿ ಎದ್ದಿತು, ಪ್ರೊಫೆಸರೂ ತೀರಿಕೊಂಡರು, ಪರೀಕ್ಷೆಯ ಮಂಚದ ಮೇಲೆ ಮಲಗುವವಳು ಮಾತ್ರ ಬದಲಾಗಲಿಲ್ಲ.

ಮೊದಲ ವರ್ಷವೇ ಒಬ್ಬ ಹುಡುಗ ಸ್ಟೆತಸ್ಕೋಪು ಹಿಡಿದು ಬೆವೆತು ನೀರಾಗಿ ನಿಂತಿದ್ದ. ಹಾರ್ಟಕ್ಕನಿಗೆ ಪಾಪ ಎನಿಸಿತು. ಮೆಲ್ಲಗೆ ಉತ್ತರ ಹೇಳಿಬಿಟ್ಟಳು. ಅಲ್ಲಿಂದ ಅದೇ ರೂಢಿಯಾಯಿತು. ಯಾರೇ ಬಂದು ಬಾಗಿದರೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು: "ಮೈತ್ರಿ ಸ್ಟೆನೋಸು. ನಾಡಿ ಸರಿಯಾಗಿದೆ. ಸುಸ್ತಿಲ್ಲ, ಊತ ಇಲ್ಲ." ಕವಾಟ ಕಿರಿದಾದ ಆ ಕಾಯಿಲೆಯ ಹೆಸರು ಮೈಟ್ರಲ್ ಸ್ಟೆನೋಸಿಸ್, ಅದು ಅವಳ ನಾಲಿಗೆಗೆ ಯಾವತ್ತೂ ಹೊರಳಲಿಲ್ಲ. ವಿದ್ಯಾರ್ಥಿಗಳು ಕೃತಜ್ಞತೆಯಿಂದ ತಿದ್ದಿಕೊಂಡು ಬರೆದು ಪಾಸಾದರು.

ಈಗ ಏಳು ತಿಂಗಳಿಂದ ಅವಳ ಮೈ ಮಾತು ಕೇಳುತ್ತಿರಲಿಲ್ಲ. ಮೂರನೆಯ ಮಹಡಿಯ ಹೊಲಿಗೆ ಕೋಣೆಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಕೂರಬೇಕು. ಒಂದು ಗೌನಿನ ಅಂಚು ಮುಗಿಯುವುದರೊಳಗೆ ಕಾಲು ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿಬಿಡುತ್ತಿತ್ತು. ಮನೆಯಲ್ಲಿ ಜೊತೆಗಿದ್ದ ತಂಗಿ ದಿನಾ ಬೆಳಗ್ಗೆ ಅದೇ ರಾಗ ತೆಗೆಯುತ್ತಿದ್ದಳು.

"ಒಂದ್ಸಲ ತೋರಿಸ್ಕೊಳ್ಳೇ ಅಕ್ಕಾ, ನಿನ್ನ ದಮ್ಮಯ್ಯ."

"ಇನ್ನೆಷ್ಟು ಜನಕ್ಕೆ ತೋರಿಸ್ಕೊಳ್ಳಲೇ? ಈ ಊರಿನ ಅರ್ಧ ಡಾಕ್ಟ್ರುಗಳು ನನ್ನ ಎದೆ ಮೇಲೇ ಕಲ್ತಿದಾರೆ. ಏನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ? ವಯಸ್ಸಾಯ್ತು, ಅಷ್ಟೇ."

ಹಾಗಂದರೂ ಒಳಗೆ ಹೆದರಿಕೆ ಇತ್ತು. ಈ ವರ್ಷವಾದರೂ ಯಾರಾದರೂ ತಾವಾಗಿಯೇ ಏನಾದರೂ ಹೇಳಿಯಾರೇ ಎಂಬ ಆಸೆ ಹೊತ್ತೇ ಅವಳು ಪರೀಕ್ಷೆಯ ಮಂಚ ಹತ್ತಿ ಎರಡು ದಿಂಬಿಗೆ ಒರಗಿದಳು. ಆಸೆಯೇನೋ ಸರಿ, ಬಾಯಿ ಸುಮ್ಮನಿರಬೇಕಲ್ಲ! ಹನ್ನೊಂದು ಜನ ಬಂದರು, ಹನ್ನೊಂದು ಜನಕ್ಕೂ ಒಪ್ಪಿಸಿದಳು. ಕೆಲವರು ಅವಳ ಕೈಯನ್ನು ಶಾಸ್ತ್ರಕ್ಕೆ ಹಿಡಿದು ಬಿಟ್ಟರು, ಕೆಲವರು ಅದೂ ಇಲ್ಲ.

ಹನ್ನೆರಡನೆಯವಳು ಸಣಕಲು ಹುಡುಗಿ. ಹಾರ್ಟಕ್ಕ ಬಾಯಿ ತೆರೆಯುತ್ತಿದ್ದಂತೆಯೇ, "ಬೇಡಕ್ಕಾ, ಹೇಳ್ಬೇಡಿ, ನಾನೇ ನೋಡ್ತೀನಿ" ಎಂದಳು. ಎಲಾ ಇವಳ! ಇಂಥದ್ದು ಯಾರೂ ಅಂದಿರಲಿಲ್ಲ. ಹುಡುಗಿ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂತಳು. ಒಂದು ನಿಮಿಷವಾಯಿತು. ಹುಬ್ಬು ಗಂಟಿಕ್ಕಿ ಇನ್ನೊಂದು ನಿಮಿಷ ಹಿಡಿದಳು.

"ಅಕ್ಕಾ, ಸುಸ್ತಾಗುತ್ತಾ ನಿಮಗೆ?"

"ಸುಸ್ತಿಲ್ಲ, ಊತ ಇಲ್ಲ" ಎಂದಳು ಹಾರ್ಟಕ್ಕ. ಅಂದಮೇಲೆ ತುಟಿ ಕಚ್ಚಿಕೊಂಡಳು.

ಪರೀಕ್ಷಕರು ಬಂದರು. ಇದೇ ಕಾಲೇಜಿನಲ್ಲಿ ಓದಿ, ತಲೆ ನರೆಸಿಕೊಂಡು, ಈಗ ಇಲ್ಲೇ ದೊಡ್ಡ ಪ್ರೊಫೆಸರಾದವರು. ಹುಡುಗಿ ಕವಾಟದ ವಿಷಯ ಸರಿಯಾಗಿಯೇ ಹೇಳಿ, ಆಮೇಲೆ ಸೇರಿಸಿದಳು: "ನಾಡಿ ತಾಳ ತಪ್ಪಿದೆ ಸಾರ್. ಹೀಗೇ ಬಿಟ್ರೆ ರಕ್ತ ಹೆಪ್ಪುಗಟ್ಟಬಹುದು. ಇವರಿಗೆ ಬೇಗ ಚಿಕಿತ್ಸೆ ಆಗ್ಬೇಕು."

"ನಾಡಿ ಸರಿಯಾಗಿದೆ ಅಂತ ಇಲ್ಲಿ ಬರೆದಿದೆಯಲ್ಲಮ್ಮ" ಎಂದು ಅವರು ಕೈಯಲ್ಲಿದ್ದ ಉತ್ತರದ ಹಾಳೆ ಬಡಿದರು. ವರ್ಷ ವರ್ಷವೂ ನಕಲಾಗುತ್ತ ಬಂದ ಹಾಳೆ ಅದು. "ನಿನಗಿಂತ ಮುಂಚೆ ಹನ್ನೊಂದು ಜನ ಅದನ್ನೇ ಹೇಳಿದ್ರು. ಅಷ್ಟೂ ಜನ ದಡ್ಡರಾ? ಯೋಚ್ನೆ ಮಾಡಿ ಹೇಳು. ಇದು ಫೇಲಾಗೋ ಉತ್ತರ."

ಹುಡುಗಿಯ ಕಣ್ಣು ತುಂಬಿತು. "ನನ್ನ ಬೆರಳಿಗೆ ಸಿಕ್ಕಿದ್ದು ಇದೇ ಸಾರ್" ಎಂದಳು, ಅಷ್ಟೇ.

ಹಾರ್ಟಕ್ಕ ತಲೆಯೆತ್ತಿ ಹುಡುಗಿಯ ಕಡೆ ನೋಡಿದಳು. ಬಾಯಿಬಿಟ್ಟರೆ ಇಷ್ಟು ವರ್ಷ ಉಳಿಸಿಕೊಂಡ ಮರ್ಯಾದೆ ಮಣ್ಣುಪಾಲು. ಸುಮ್ಮನಿದ್ದರೆ ಈ ಹುಡುಗಿಯ ಗತಿ ಏನು? ತನ್ನ ಗತಿ ತಾನೇ ಏನು? ಮೊಣಕೈ ಊರಿ ಎದ್ದು ಕೂತಳು. ಅಷ್ಟಕ್ಕೇ ಏದುಸಿರು ಬಂತು.

"ಆ ಹನ್ನೊಂದು ಜನ ಹೇಳಿದ್ದು ನಾನು ಹೇಳಿಕೊಟ್ಟಿದ್ದು ಸಾರ್."

"ಏನಂದ್ರಿ?"

"ಮೊದಲಿಂದ್ಲೂ ಹಾಗೇ. ಎಲ್ಲರಿಗೂ ನಾನೇ ಹೇಳ್ಕೊಡ್ತಿದ್ದೆ. ನಿಮಗೂ ನಾನೇ ಹೇಳಿದ್ದು, ಮರೆತ್ರಾ? ಅವತ್ತು ನಿಮಗೆ ಜೀವ ಬಾಯಿಗೆ ಬಂದಿತ್ತು."

ಪ್ರೊಫೆಸರ ಮುಖದ ಬಣ್ಣ ಇಳಿಯಿತು. ಸ್ಟೂಲು ಎಳೆದು ಕೂತು ಅವಳ ಮಣಿಕಟ್ಟಿಗೆ ಮೂರು ಬೆರಳಿಟ್ಟರು. ಎರಡು ನಿಮಿಷವಾದರೂ ಅವರು ಬೆರಳು ತೆಗೆಯಲಿಲ್ಲ. ಆಮೇಲೆ ಉತ್ತರದ ಹಾಳೆಯಲ್ಲಿ ನಾಡಿಯ ಸಾಲಿನ ಮೇಲೆ ಒಂದು ಗೆರೆ ಎಳೆದು ಪೆನ್ನನ್ನು ಹುಡುಗಿಯ ಕೈಗೆ ಕೊಟ್ಟರು.

"ನೀನು ಹೇಳಿದ್ದನ್ನ ನೀನೇ ಬರಿ. ಇವರನ್ನ ಈಗಲೇ ವಾರ್ಡಿಗೆ ಸೇರಿಸ್ಬೇಕು." ಹಾರ್ಟಕ್ಕನ ಕಡೆ ತಿರುಗಿದಾಗ ಅವರ ದನಿ ಕುಗ್ಗಿತ್ತು. "ಎಷ್ಟು ದಿನದಿಂದ ಹೀಗಿದೆ ಅಕ್ಕಾ?"

ಹಾಳು ನಾಲಿಗೆ, ಮತ್ತೆ ಸುಸ್ತಿಲ್ಲ ಎಂದೇ ಹೊರಟಿತ್ತು. ತಡೆದು ನಿಲ್ಲಿಸಿದಳು.

"ಏಳು ತಿಂಗಳಾಯ್ತು ಸಾರ್. ಮೆಟ್ಟಿಲು ಹತ್ತೋಕಾಗಲ್ಲ. ಮಲಗಿದ್ರೆ ಉಸಿರು ಕಟ್ಟುತ್ತೆ, ಕೂತೇ ನಿದ್ದೆ ಮಾಡ್ತೀನಿ. ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತಾ ಇದ್ದೆ." ಸೆರಗಿನಿಂದ ಮುಖ ಒತ್ತಿಕೊಂಡಳು. "ಈ ಮಗು ಕೇಳಿದ್ಲು. ಅವಳಿಗೂ ಇಲ್ಲ ಅಂದ್ಬಿಟ್ಟೆ."