ಒಡೀಲಿಯಾ ಬೆಟನ್‌ಕೋರ್ಟ್: ಒಂದೇ ಸೂರು, ಒಂದೇ ಮಾತು

ಅಪಾಯಕಾರಿ ವಸ್ತುಗಳ ತಪಾಸಣೆ ಹೊಗಳಿಕೆ ತರುವ ವೃತ್ತಿಯಲ್ಲ. ಕೆಲಸ ಚೆನ್ನಾಗಿ ನಡೆದರೆ ಊರಿನಲ್ಲಿ ಏನೂ ಆಗುವುದಿಲ್ಲ; ಏನೂ ಆಗದಿದ್ದುದಕ್ಕೆ ಯಾರೂ ಯಾರನ್ನೂ ಸನ್ಮಾನಿಸುವುದಿಲ್ಲ. ಅಂಥ ವೃತ್ತಿಯಲ್ಲಿ ಮೂವತ್ತೈದು ವರ್ಷಕ್ಕೂ ಮಿಗಿಲಾಗಿ ದುಡಿದು, ಕ್ಯಾಲಿಫೋರ್ನಿಯಾದ ನಡುಬಯಲಿನ ನಮ್ಮ ಸಾನ್ ಅಮಾರೊ ಕೌಂಟಿಯಲ್ಲಿ ಹಲವು ಇಲಾಖೆಗಳಿಗೆ ಹರಿದು ಹಂಚಿಹೋಗಿದ್ದ ಅಧಿಕಾರವನ್ನು ಒಂದೇ ಸೂರಿನಡಿ ತಂದ ಶ್ರೀಮತಿ ಒಡೀಲಿಯಾ ಬೆಟನ್‌ಕೋರ್ಟ್ ಅವರು ಈ ಜೂನ್ ತಿಂಗಳಲ್ಲಿ ನಿವೃತ್ತರಾಗಿದ್ದಾರೆ. ನಿವೃತ್ತರ ಗೌರವಕ್ಕೆ ತರುವ ಇಂಥ ಸಂಪುಟಕ್ಕೆ ಸಂತೋಷದ ಸಂಗತಿಗಳನ್ನೇ ಆರಿಸಿ ಬರೆಯುವುದು ರೂಢಿ. ಆದರೆ ಅವರೇ ಸಂಪಾದಕರಿಗೆ, “ಹೊಗಳೋದೆಲ್ಲ ಬೇಡ. ನಡೆದದ್ದು ಬರೀರಿ, ಇಲ್ಲಾಂದ್ರೆ ಪುಸ್ತಕಾನೇ ಬೇಡ” ಎಂದು ಹೇಳಿ ಕಳಿಸಿದ್ದಾರೆ. ಇಷ್ಟು ವರ್ಷ ಅವರ ಕೈಕೆಳಗೆ ದುಡಿದು ಅವರ ಮಾತು ಮೀರದ ನಾವು ಈಗ ಮೀರುವುದು ಸರಿಯಲ್ಲ.

ಅಸೋರ್ಸ್ ದ್ವೀಪಗಳಿಂದ ಬಂದು ಹಾಲಿನ ಹಸು ಕಟ್ಟಿಕೊಂಡು ಬದುಕಿದವರ ಮನೆಯ ಹಿರಿಯ ಮಗಳು ಒಡೀಲಿಯಾ. ರಸಾಯನಶಾಸ್ತ್ರದ ಪದವಿ ಮುಗಿಸಿ ಕೌಂಟಿಯ ಆರೋಗ್ಯ ಇಲಾಖೆಗೆ ಸೇರಿದಾಗ ಅವರಿಗಿನ್ನೂ ಇಪ್ಪತ್ತೈದು ದಾಟಿರಲಿಲ್ಲ. ಆ ದಿನಗಳಲ್ಲಿ ವಿಷದ ತ್ಯಾಜ್ಯ ಆರೋಗ್ಯ ಇಲಾಖೆಯದು, ಉರಿಯುವ ದ್ರವ ಅಗ್ನಿಶಾಮಕ ದಳದ್ದು, ನೆಲದೊಳಗಿನ ತೈಲದ ತೊಟ್ಟಿ ಲೋಕೋಪಯೋಗಿಯದು, ಕೀಟನಾಶಕ ಕೃಷಿ ಇಲಾಖೆಯದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಈ ಇಲಾಖೆಗಳ ನಡುವೆ ಬಡವಾದವರು ಸಣ್ಣ ಪುಟ್ಟ ಕಾರ್ಖಾನೆಯವರು.

ರೈಲು ಹಳಿಯ ಪಕ್ಕದಲ್ಲಿ ಹಳೆಯ ಡ್ರಮ್ಮುಗಳನ್ನು ತೊಳೆದು ಮಾರುವ ಅಂಗಳ ಇಟ್ಟುಕೊಂಡಿದ್ದ ಹಾಗೋಪ್ ಮನೂಕಿಯಾನ್ ಅಂಥವರಲ್ಲೊಬ್ಬರು. ಸೋರಿದರೆ ಅಂತರ್ಜಲ ಕೆಟ್ಟೀತೆಂದು ಆರೋಗ್ಯ ಇಲಾಖೆಯವರು ಡ್ರಮ್ಮುಗಳನ್ನು ಒಳಗಿಡಿಸಿದರು. ಬೆಂಕಿ ಹತ್ತೀತೆಂದು ಅಗ್ನಿಶಾಮಕದವರು ಬಂದು ಹೊರಗಿಡಿಸಿದರು. ಮುಂದಿನ ಸಲ ಒಡೀಲಿಯಾ ಹೋದಾಗ ಆತ ಅವರ ಮುಂದೆ ಕಾಫಿ ಇಟ್ಟು ಕೈಮುಗಿದರಂತೆ.

“ಮೇಡಂ, ನನಗೊಂದು ಉಪಕಾರ ಮಾಡಿ. ನೀವೂ ಆ ಬೆಂಕಿಯೋರೂ ಮದುವೆ ಮಾಡ್ಕೊಂಡು ಒಂದೇ ಮನೇಲಿರಿ. ಜಗಳ ಏನಿದ್ರೂ ಅಲ್ಲೇ ಆಡ್ಕೊಂಡು, ಒಂದು ಮಾತು ನನಗೆ ಹೇಳಿ ಕಳಿಸಿ. ಉರುಳಿಸಿ ಉರುಳಿಸಿ ನನ್ನ ಸೊಂಟ ಹೋಯ್ತು.”

ನಕ್ಕು ಬಂದ ಒಡೀಲಿಯಾ ಅವರಿಗೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎಲ್ಲ ತಪಾಸಣೆಯನ್ನೂ ಪ್ರತಿ ಊರಿನಲ್ಲಿ ಒಂದೇ ಸಂಸ್ಥೆಗೆ ಒಪ್ಪಿಸಬೇಕೆಂದು ರಾಜ್ಯವೇ ಕಾನೂನು ಮಾಡಿದಾಗ, ಮಿಕ್ಕ ಕೌಂಟಿಗಳು ಮೀನಮೇಷ ಎಣಿಸುತ್ತಿರುವಷ್ಟರಲ್ಲಿ ನಮ್ಮಲ್ಲಿ ಅವರು ಮನೆಮನೆಗೆ ಹೋಗಿ ಕೌಂಟಿಯ ಆಡಳಿತ ಮಂಡಳಿಯ ಸದಸ್ಯರನ್ನು ಒಲಿಸಿಕೊಂಡರು. ಎದುರು ನಿಂತವರು ಒಬ್ಬರೇ, ಅಗ್ನಿಶಾಮಕ ದಳದ ಹಿರಿಯ ತಪಾಸಕ ಕ್ಯಾಪ್ಟನ್ ವೆಂಡೆಲ್ ಸ್ಟ್ರೌಡ್. ಅವರದು ದ್ವೇಷವಲ್ಲ, ದಿಗಿಲು.

“ನೋಡು ತಾಯಿ,” ಎಂದಿದ್ದರು ಕ್ಯಾಪ್ಟನ್, “ನಾಲ್ಕು ಜನ ಬಂದು ಜಗಳ ಆಡ್ತೀವಿ, ನಿಜ. ಆದ್ರೆ ಒಬ್ಬರ ತಪ್ಪನ್ನ ಇನ್ನೊಬ್ಬರು ಹಿಡೀತೀವಿ. ನಾಳೆ ನೀನೊಬ್ಬಳೇ ಬಂದ್ರೆ ನಿನ್ನ ತಪ್ಪು ಹಿಡಿಯೋರು ಯಾರು?”

“ನಾನು ತಪ್ಪು ಮಾಡೋ ಹಾಗೇ ಇಲ್ವಲ್ಲ ಕ್ಯಾಪ್ಟನ್,” ಎಂದು ಒಡೀಲಿಯಾ ಛೇಡಿಸಿದ್ದರು.

ಏಕೀಕರಣವಾಯಿತು. ನಿಯಮಗಳನ್ನು ಹೊಂದಿಸುವ ಸಮಿತಿಯಲ್ಲಿ ಇಬ್ಬರೂ ಎದುರುಬದುರು ಕೂತರು. ಡ್ರಮ್ಮಿನ ಮೇಲೆ ಏನು ಬರೆಯಬೇಕೆಂಬ ಪ್ರಶ್ನೆ ಬಂದದ್ದು ಅಲ್ಲಿಯೇ. ಬಗ್ಗಿಸಿದರೆ ಹನಿಯೂ ಸುರಿಯದ ಡ್ರಮ್ಮು ತ್ಯಾಜ್ಯದ ಕಾನೂನಿನ ಕಣ್ಣಿಗೆ ಖಾಲಿ. ಅದರ ಮೇಲೆ ‘ಖಾಲಿ’ ಎಂದು ತಾರೀಖಿನ ಸಮೇತ ಬರೆದಿಡಬೇಕು. ನಮ್ಮ ಕೌಂಟಿಯ ಅಗ್ನಿಶಾಮಕದವರ ಪದ್ಧತಿ ಬೇರೆ. ಥಿನ್ನರಿನಂಥ ಉರಿಯುವ ದ್ರವ ಒಮ್ಮೆ ತುಂಬಿದ್ದ ಡ್ರಮ್ಮು ಬರಿದಾದ ಮೇಲೆ ಅದರ ಮೇಲೆ ಹಳದಿ ಬಣ್ಣದಲ್ಲಿ ‘ಮಲಗಿದೆ’ ಎಂದು ಬರೆಯುತ್ತಿದ್ದರು. ಈ ಮಾತು ಯಾವ ಕಾನೂನಿನಲ್ಲೂ ಇರಲಿಲ್ಲ; ಹಿಂದಿನವರು ಬರೆದರು, ಇವರೂ ಬರೆದರು.

“ಖಾಲಿ ಅನ್ನೋ ಡ್ರಮ್ಮೇ ಇಲ್ಲ ಕಣಮ್ಮ,” ಎಂದರು ಕ್ಯಾಪ್ಟನ್. “ದ್ರವ ಹೋದ್ರೂ ಆವಿ ಒಳಗೇ ಇರುತ್ತೆ. ಮಲಗಿರುತ್ತೆ. ಬಿಸಿ ತಾಗಿದ್ರೆ ಎದ್ದು ಕೂರುತ್ತೆ.”

ಒಂದೇ ಡ್ರಮ್ಮಿನ ಮೇಲೆ ಎರಡು ಮಾತಿರಬಾರದೆಂಬುದೇ ಅಲ್ಲವೇ ಏಕೀಕರಣದ ಸಾರ? ಒಡೀಲಿಯಾ ಪೆನ್ನು ಮುಚ್ಚಿ ಹೇಳಿದರು: “ಡ್ರಮ್ಮಿಗೆ ಜೋಗುಳ ಹಾಡೋಕೆ ಕಾನೂನಲ್ಲಿ ಜಾಗ ಇಲ್ಲ ಕ್ಯಾಪ್ಟನ್. ‘ಖಾಲಿ’ ಇರಲಿ.” ಸಮಿತಿಯೆಲ್ಲ ನಕ್ಕಿತು. ಕ್ಯಾಪ್ಟನ್ನರೂ ನಕ್ಕು, ತಲೆಯಾಡಿಸಿ, ಸಹಿ ಹಾಕಿದರು.

ಆಮೇಲಿನ ಹತ್ತು ಹನ್ನೆರಡು ವರ್ಷ ನಮ್ಮ ಸಂಸ್ಥೆಯ ಒಳ್ಳೆಯ ಕಾಲ. ಹೊಸದಾಗಿ ಸೇರಿದವರಿಗೆ ಕೌಂಟಿಯ ಬೂಟು ಬರುವುದು ತಡವಾಗುತ್ತದೆಂದು ಒಡೀಲಿಯಾ ತಮ್ಮ ಕೈಯಿಂದಲೇ ಕೊಡಿಸುತ್ತಿದ್ದರು. ಆಮ್ಲ ತಗುಲಿದರೂ ಸುಡದ ಆ ಬೂಟುಗಳಲ್ಲಿ ನಡೆದವರು ನಾವು ಹಲವರಿದ್ದೇವೆ. ಗಂಡ ಸತ್ತ ಮೇಲೆ ರೇಡಿಯೇಟರ್ ದುರಸ್ತಿ ಅಂಗಡಿ ನಡೆಸುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ದಂಡ ಹಾಕುವ ಬದಲು, ಶನಿವಾರಗಳಂದು ಹೋಗಿ ಅಂಗಿಯ ತೋಳು ಮಡಚಿ, ಸೀಸದ ಕೆಸರನ್ನು ಎಲ್ಲಿಡಬೇಕು, ಹೇಗೆ ಮುಚ್ಚಬೇಕು ಎಂದು ಮಾಡಿ ತೋರಿಸಿದರು. “ಮೊದಲನೇ ಸಲ ಕಾಫಿಗೆ ಹೋಗಿ, ಎರಡನೇ ಸಲ ಪೆನ್ನು ತೆಗೀರಿ” ಎಂಬುದು ಅವರು ನಮಗೆ ಕಲಿಸಿದ ಪಾಠ. ಕ್ರಿಸ್ಮಸ್ ಬಂದರೆ ಮನೆಯಲ್ಲಿ ಬೇಯಿಸಿದ ಸಿಹಿ ಬ್ರೆಡ್ಡು ಅಗ್ನಿಶಾಮಕ ಠಾಣೆಗೂ ಒಂದು ಬುಟ್ಟಿ ಹೋಗುತ್ತಿತ್ತು. ಅದನ್ನು ಸ್ಟ್ರೌಡ್ ಅವರೇ ಹಂಚುತ್ತಿದ್ದರು.

ಬಳಿಕ ಕೌಂಟಿಯ ಬೊಕ್ಕಸ ಬರಿದಾಯಿತು. ಒಬ್ಬೊಬ್ಬರಾಗಿ ತಪಾಸಕರು ಹೋದರು. ಹೋದವರ ಜಾಗಕ್ಕೆ ಯಾರೂ ಬರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಒಡೀಲಿಯಾ ಅವರೇ ಸಂಸ್ಥೆಯ ಮುಖ್ಯಸ್ಥರಾದರು, ಅವರೇ ತಪಾಸಕರೂ ಆದರು. ತಮ್ಮ ಕೆಲಸವಲ್ಲವೆಂದು ಅಗ್ನಿಶಾಮಕದವರು ಅಂಗಳಗಳಿಗೆ ಕಾಲಿಡುವುದನ್ನು ಎಂದೋ ಬಿಟ್ಟಿದ್ದರು. ಯಾವ ಗೋಡೆಯ ಹಿಂದೆ ಏನಿದೆ, ಯಾವ ಡ್ರಮ್ಮಿನಲ್ಲಿ ಹಿಂದೆ ಏನಿತ್ತು ಎಂಬ ಹಿರಿಯರ ತಿಳಿವಳಿಕೆ ಹೊಸ ಹುಡುಗರಿಗೆ ದಾಟಲೇ ಇಲ್ಲ.

ಒಂದು ಆಗಸ್ಟ್ ಮಧ್ಯಾಹ್ನ ರೈಲು ಹಳಿಯ ಒಣ ಹುಲ್ಲಿಗೆ ಬೆಂಕಿ ಬಿತ್ತು. ಅದು ಹರಿದು ಹಾಗೋಪರ ಅಂಗಳದ ಬೇಲಿ ಮುಟ್ಟಿದಾಗ, ಮೊದಲು ಬಂದ ತಂಡದಲ್ಲಿ ಕ್ಯಾಪ್ಟನ್ನರ ಮೊಮ್ಮಗ ಕೋಲ್ಬಿ ಸ್ಟ್ರೌಡ್ ಇದ್ದ. ದಳಕ್ಕೆ ಸೇರಿ ಇನ್ನೂ ಎರಡನೆಯ ಬೇಸಿಗೆ. ಬೇಲಿಯುದ್ದಕ್ಕೂ ಡ್ರಮ್ಮುಗಳ ಸಾಲು. ಕಾನೂನು ಹೇಳಿದಂತೆ, ಒಡೀಲಿಯಾ ಕಲಿಸಿದಂತೆ, ಹಾಗೋಪ್ ಒಂದೊಂದರ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. “ಇವೆಲ್ಲ ಖಾಲಿ, ಈ ಕಡೆಯಿಂದ ಹೋಗ್ತೀನಿ” ಎಂದು ಕೋಲ್ಬಿ ರೇಡಿಯೋದಲ್ಲಿ ಹೇಳಿದ್ದು ಜೊತೆಯವರಿಗೆ ಕೇಳಿಸಿತು. ಸಾಲಿನ ನಡುವಿನ ಒಂದು ಡ್ರಮ್ಮು ಸಿಡಿಯಿತು. ಅವನು ಅಲ್ಲಿಯೇ ಸತ್ತ.

ವಿಚಾರಣೆ ನಡೆಯಿತು. ಯಾರೂ ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಾಗೋಪ್ ಅಂಗಳಕ್ಕೆ ಬೀಗ ಹಾಕಿ, ಮತ್ತೆ ತೆರೆಯಲಿಲ್ಲ. ಒಡೀಲಿಯಾ ಕಚೇರಿಗೆ ಬರುವುದನ್ನು ನಿಲ್ಲಿಸಲಿಲ್ಲ. ಕೋಲ್ಬಿ ಮಣ್ಣಾದ ಮರುವಾರ ಕ್ಯಾಪ್ಟನ್ ಸ್ಟ್ರೌಡ್ ಕೋಲೂರಿಕೊಂಡು ಬಂದು ಅವರ ಎದುರು ಕೂತರು. ಬೈಯಲೆಂದೇ ಬಂದರೆಂದು ಕಚೇರಿಯಲ್ಲಿ ಉಳಿದಿದ್ದ ನಾವೆಲ್ಲ ಬಾಗಿಲ ಬಳಿ ನಿಂತೆವು. ಬೈದಿದ್ದರೆ ಒಡೀಲಿಯಾ ಅವರಿಗೂ ಹಗುರಾಗುತ್ತಿತ್ತೇನೋ.

“ಆವತ್ತು ನಾನೂ ನಕ್ಕೆ, ಒಡೀಲಿಯಾ,” ಎಂದರು ಮುದುಕರು. “ಒಬ್ಬಳೇ ಹೊತ್ಕೋಬೇಡ.”

ಅಂದಿನಿಂದ ಒಡೀಲಿಯಾ ಅವರಿಗೆ ಬದುಕಿನಲ್ಲಿ ಒಂದೇ ಕೆಲಸ ಉಳಿಯಿತು: ಡ್ರಮ್ಮಿನ ಮೇಲೆ ‘ಮಲಗಿದೆ’ ಎಂಬ ಆ ಇನ್ನೊಂದು ಮಾತನ್ನು ಮರಳಿ ಬರೆಸುವುದು, ತಪಾಸಣೆಗೆ ಅಗ್ನಿಶಾಮಕದವನೊಬ್ಬ ಜೊತೆಗೆ ಬರುವಂತೆ ಮಾಡುವುದು. ಪ್ರತಿ ವರ್ಷ ಬಜೆಟ್ಟಿನ ಸಭೆಯಲ್ಲಿ ಅವರು ಮಂಡಳಿಯ ಮುಂದೆ ನಿಂತರು, ಕ್ಯಾಪ್ಟನ್ ಮೊದಲ ಸಾಲಿನಲ್ಲಿ ಕೂತರು. ಮಂಡಳಿ ಸಂತಾಪ ಸೂಚಿಸಿತು. ಕೋಲ್ಬಿಯ ಹೆಸರನ್ನು ಒಂದು ಸೇತುವೆಗೆ ಇಟ್ಟಿತು. ಅಗ್ನಿಶಾಮಕದ ಮುಖ್ಯಾಧಿಕಾರಿ, ಕಳಿಸಲು ತಮ್ಮಲ್ಲಿ ಜನರಿಲ್ಲವೆಂದರು. ಕೊನೆಗೆ ಕೌಂಟಿಯ ವಕೀಲರು ಒಡೀಲಿಯಾ ಅವರನ್ನು ಪಕ್ಕಕ್ಕೆ ಕರೆದು ವಿನಯದಿಂದಲೇ ತಿಳಿಹೇಳಿದರು.

“ಮೇಡಂ, ಈಗ ಆ ಪದ ಸೇರಿಸಿದ್ರೆ, ಮೊದಲು ತೆಗೆದದ್ದು ತಪ್ಪು ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತೆ. ಕೋರ್ಟಲ್ಲಿ ಕೌಂಟಿ ಮುಳುಗುತ್ತೆ.”

“ತಪ್ಪೇ ಅಲ್ವಾ ಸಾರ್?” ಎಂದರು ಒಡೀಲಿಯಾ.

“ಅದನ್ನ ನಾನು ಕೇಳಿಸ್ಕೊಳ್ಳಲಿಲ್ಲ ಅಂದ್ಕೊಳ್ಳಿ.”

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯಿದೆ. ನಮ್ಮಲ್ಲಿ ಅದನ್ನೂ ಹಾಕಲಿಲ್ಲ. ಕೌಂಟಿಯಲ್ಲಿ ಇಂದಿಗೂ ನೂರಾರು ಅಂಗಳಗಳಲ್ಲಿ ಅದೇ ಒಂದು ಮಾತು ಬರೆದ ಡ್ರಮ್ಮುಗಳು ಬಿಸಿಲಿಗೆ ನಿಂತಿವೆ. ಬೇರೆ ಕೌಂಟಿಗಳವರು ನಮ್ಮ ಏಕೀಕರಣವನ್ನು ಮಾದರಿಯೆಂದು ಹೊಗಳಿ ಪತ್ರ ಬರೆದಾಗಲೆಲ್ಲ ಒಡೀಲಿಯಾ ಅದನ್ನು ಓದಿ, ಕಿಟಕಿಯ ಕಡೆ ತಿರುಗಿ ಕೂರುವುದನ್ನು ನಾವು ಕಂಡಿದ್ದೇವೆ. ಅವರು ಕಟ್ಟಿದ ಸಂಸ್ಥೆ ತಪ್ಪಾಗಿತ್ತೆಂದು ಅವರೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹಿಂದಿನ ಜಗಳಗಂಟಿ ದಿನಗಳು ಮರಳಲೆಂದು ಯಾರೂ ಬಯಸುವುದಿಲ್ಲ. ಆದರೂ ಜಗಳ ನಿಂತ ಮನೆಯಲ್ಲಿ ಎಚ್ಚರವೂ ನಿಂತುಹೋಯಿತೆಂಬ ಕೊರಗು ಅವರನ್ನು ಒಳಗೇ ತಿಂದಿದೆ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಬೀಳ್ಕೊಡುಗೆಯ ಊಟಕ್ಕೆ ಮಂಡಳಿಯಿಂದ ಒಬ್ಬರೂ ಬರಲಿಲ್ಲ. ಎಂಬತ್ತು ದಾಟಿದ ಕ್ಯಾಪ್ಟನ್ ಬಂದಿದ್ದರು. ಎರಡು ಮಾತಾಡಿರೆಂದು ಕೇಳಿದಾಗ ಅವರು ಎದ್ದು, “ಇವಳು ಕೇಳಿದಳು, ಅವರು ಕೊಡಲಿಲ್ಲ” ಎಂದಷ್ಟೇ ಹೇಳಿ ಕೂತರು. ಆ ದಿನ ಆಡಿದ ಭಾಷಣಗಳಲ್ಲಿ ನಿಜವಾದದ್ದು ಅದೊಂದೇ.

ನಿವೃತ್ತರಿಗೆ ವಿಶ್ರಾಂತಿಯ ಸುಖವನ್ನು ಕೋರಿ ಲೇಖನ ಮುಗಿಸಬೇಕು. ಆದರೆ ಒಡೀಲಿಯಾ ಅವರ ಹುದ್ದೆಗೆ ಈ ಸಂಪುಟ ಅಚ್ಚಾಗುವ ಹೊತ್ತಿಗೂ ಯಾರೂ ಬಂದಿಲ್ಲ. ಯಾವ ಆದೇಶವೂ ಇಲ್ಲದೆ, ಯಾವ ಅಧಿಕಾರವೂ ಇಲ್ಲದೆ, ಅವರು ವಾರಕ್ಕೊಂದು ಮಧ್ಯಾಹ್ನ ಅಗ್ನಿಶಾಮಕ ಠಾಣೆಗೆ ಹೋಗಿ, ಡ್ರಮ್ಮಿನ ಮೇಲಿನ ಮಾತನ್ನು ನಂಬಬೇಡಿ ಎಂದು ಹೊಸ ಹುಡುಗರಿಗೆ ಹೇಳಿಕೊಡುತ್ತಾರೆ. ಕಲಿತವರು ವರ್ಷ ತುಂಬುವುದರೊಳಗೆ ದೊಡ್ಡ ಊರಿನ ದೊಡ್ಡ ಸಂಬಳಕ್ಕೆ ಹೊರಟುಹೋಗುತ್ತಾರೆ, ಹೊಸಬರು ಬರುತ್ತಾರೆ, ಪಾಠ ಮತ್ತೆ ಮೊದಲಿನಿಂದ. ಅವರಿಗೆ ಜ್ವರ ಬಂದ ವಾರ ಪಾಠವಿಲ್ಲ. ದೇವರು ಒಡೀಲಿಯಾ ಬೆಟನ್‌ಕೋರ್ಟ್ ಅವರಿಗೆ ನೂರು ವರ್ಷ ಆಯುಷ್ಯ ಕೊಡಲಿ, ಕಾಲಲ್ಲಿ ಶಕ್ತಿ ಕೊಡಲಿ, ವಿಶ್ರಾಂತಿಯೊಂದನ್ನು ಮಾತ್ರ ಕೊಡದಿರಲಿ. ದಣಿದವರಿಗೆ ಇಂಥ ಹಾರೈಕೆ ಕ್ರೂರವೆಂದು ಬಲ್ಲೆವು. ನಮಗೆ ಬೇರೆ ಯಾರೂ ಇಲ್ಲ.