ಕೇಳುವವಳು ಸೊಸೆ, ನೋಡುವವಳು ಅತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲ ಕೋಣೆಯ ಬಾಗಿಲನ್ನು ತಾವು ನುಸುಳುವಷ್ಟೇ ಸರಿಸಿ ಗಿನಿಯಕ್ಕ ಒಳಗೆ ಬರುತ್ತಾರೆ. ತಣ್ಣನೆ ಗಾಳಿ ಬೆನ್ನಿಗೇ ನುಗ್ಗಬಾರದು. ಎದುರಿಗೆ ತಗಡನ್ನು ದುಂಡಗೆ ಬಾಗಿಸಿ ಕಟ್ಟಿದ ಕಾವಿನ ಗೂಡು, ನಡುವೆ ತೂಗುವ ಬಲ್ಬು, ಅದರಡಿ ಚೆಲ್ಲಿದ ಕಾಳಿನ ಹಾಗೆ ಹರಡಿಕೊಂಡು ಮಲಗಿದ ಗಿನಿಕೋಳಿ ಮರಿಗಳು. ಅಕ್ಕ ಮುಟ್ಟುವುದಿಲ್ಲ. ಮೊಣಕಾಲೂರಿ ಕೂತು ಬರೀ ನೋಡುತ್ತಾರೆ. ಆಮೇಲೆ ತಿರುಗಿ, ಬಾಗಿಲಲ್ಲಿ ನಿಂತ ಸೊಸೆಯ ಮುಖ ನೋಡುತ್ತಾರೆ. ಸೊಸೆ ಒಂದು ಗಳಿಗೆ ಆಲಿಸಿ ಅಂಗೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾಳೆ. ಯಾವುದೂ ಅಳುತ್ತಿಲ್ಲ ಎಂದು ಅದರ ಅರ್ಥ.

ಗಿನಿಯಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಂದ ಜ್ವರ, ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎದುರು ನಿಂತು ನಿಧಾನವಾಗಿ ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. "ಇಡೀ ಬೀದಿಗೆ ಕೇಳಿಸೋ ಹಕ್ಕಿ ಸಾಕ್ತೀರಿ. ಕಿವಿ ಹೋಗಿದ್ದು ನಿಮ್ಮ ಪುಣ್ಯ ಬಿಡಿ, ನಮಗೂ ಹೋಗಿದ್ರೆ ಚೆನ್ನಾಗಿತ್ತು" ಎಂದು ಹಾಲಿನವನು ಕಿಚಾಯಿಸಿದರೆ ಎಲ್ಲರಿಗಿಂತ ಮೊದಲು ನಗುವವರು ಅವರೇ.

ನಗು ತುಟಿಯ ಮೇಲಿನದು. ಮರಿ ಸಾಕುವವರಿಗೆ ಕಿವಿಯೇ ಅರ್ಧ ಬಂಡವಾಳ. ಹಾಯಾಗಿರುವ ಮರಿ ತನ್ನಷ್ಟಕ್ಕೆ ಗುನುಗುತ್ತದೆ, ಚಳಿಯಾದದ್ದು ಚೀರುತ್ತದೆ. ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಸೋತ ಮೇಲೆ ಹಿಡಿದ ಈ ಕೆಲಸವೂ ಕೈಬಿಟ್ಟೀತೆಂಬ ಭಯ ಅಕ್ಕನಿಗೆ.

"ಇವುಗಳ ತಾಯಿ ಕಾವು ಕೂರೋದ್ರಲ್ಲಿ ಗಟ್ಟಿಗಿತ್ತಿ. ಮರಿ ಹೊರಗೆ ಬಂದ್ಮೇಲೆ ಮಾತ್ರ ಇಬ್ಬನಿ ಹುಲ್ಲಲ್ಲಿ ಸವಾರಿ ಹೊರಟುಬಿಡುತ್ತೆ. ಒದ್ದೆಯಾಗಿ ಹಿಂದೆ ಬಿದ್ದವನ್ನ ತಿರುಗೂ ನೋಡಲ್ಲ. ಅಂಥ ತಾಯಿಗೆ ಬುದ್ಧಿ ಹೇಳೋಕಾಗುತ್ತಾ? ಮರಿ ತಂದು ನಾವೇ ತಾಯಿ ಆಗ್ಬೇಕು" ಎನ್ನುತ್ತಾರೆ ಅಕ್ಕ.

ಆ ತಾಯ್ತನ ಸಣ್ಣಸಣ್ಣ ಎಚ್ಚರಗಳಲ್ಲಿದೆ. ಗೂಡಿಗೆ ಮೂಲೆಯಿರಬಾರದು, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟುತ್ತದೆ. ನುಣುಪು ಕಾಗದ ಹಾಸಬಾರದು, ಎಳೆಕಾಲು ಜಾರಿ ಸೊಟ್ಟಗಾಗುತ್ತದೆ, ಗೋಣಿತಟ್ಟೇ ಸರಿ. ನೀರಿನ ತಟ್ಟೆ ತುಂಬ ಬೆಣಚುಕಲ್ಲು, ಇಲ್ಲದಿದ್ದರೆ ಬೆರಳುದ್ದದ ಮರಿ ಬೆರಳಾಳದ ನೀರಲ್ಲೇ ಮುಳುಗುತ್ತದೆ. ವಾರ ಕಳೆದಂತೆ ಬಲ್ಬು ಸ್ವಲ್ಪಸ್ವಲ್ಪವೇ ಮೇಲೇರಬೇಕು.

ಈಗಿರುವ ಮರಿಗಳು ಹಣ್ಣಿನ ತೋಟದ ಮಾಲೀಕರವು. ಹುಳ ತಿಂದು, ಅಪರಿಚಿತರು ಬಂದರೆ ಕೂಗೆಬ್ಬಿಸುತ್ತಿದ್ದ ಅವರ ಹಿಂಡನ್ನು ಬೀದಿನಾಯಿಗಳು ಮುಗಿಸಿವೆ. ಉಳಿದ ಒಂದೆರಡು ಹೇಟೆಗಳ ಮೊಟ್ಟೆಯಿಂದ ಬಂದವು ಇವು. ಕೊಡುವಾಗಲೇ ಅವರು ಹಿಂಜರಿದಿದ್ದರು. "ಕೇಳಿಸಲ್ಲ ಅಂದ್ಮೇಲೆ ಹೇಗಕ್ಕ? ಇವು ಉಳಿದ್ರೆ ಮುಂದಿನ ಮರಿನೂ ನಿಮಗೇ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ, ಬೇರೆ ಕಡೆ ನೋಡ್ತೀನಿ."

ಆಗ ಬಾಗಿಲ ಮರೆಯಿಂದ ಸೊಸೆ ಮುಂದೆ ಬಂದಳು. ಮೆತ್ತನೆ ದನಿಯವಳು, ಮದುವೆಯಾಗಿ ಬಂದಂದಿನಿಂದ ಅತ್ತೆಯ ಹತ್ತಿರ ಹತ್ತು ಮಾತು ಆಡಿದ್ದರೆ ಹೆಚ್ಚು. "ನಾನು ಕೇಳಿಸ್ಕೋತೀನಿ" ಎಂದಳು, ಅಷ್ಟೇ.

ಹೋದ ವಾರ ಒಂದು ಮಧ್ಯಾಹ್ನ ಅತ್ತೆ ನಿದ್ದೆಗೆ ಜಾರಿದ್ದಾಗ ಮರಿಯೊಂದು ಚೀರತೊಡಗಿತು. ಚಳಿಯೇನೋ ಎಂದು ಸೊಸೆ ಬಲ್ಬು ಇಳಿಸಿದಳು. ಕೂಗು ನಿಲ್ಲಲಿಲ್ಲ, ಇನ್ನಷ್ಟು ಇಳಿಸಿದಳು. ಅಕ್ಕ ಎದ್ದು ಬಂದು ನೋಡಿದರೆ ಮರಿಗಳೆಲ್ಲ ತಗಡಿಗೆ ಅಂಟಿಕೊಂಡು, ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಏದುತ್ತಿವೆ. ಓಡಿಹೋಗಿ ಬಲ್ಬು ಆರಿಸಿದರು. ಎರಡು ಆಗಲೇ ಸತ್ತಿದ್ದವು. ಚೀರುತ್ತಿದ್ದ ಮರಿ ಸಿಕ್ಕಿದ್ದು ಗೂಡಿನ ಹೊರಗೆ, ಮೇವಿನ ಚೀಲದ ಹಿಂದೆ. ತಗಡನ್ನು ಹಾರಿ ಆಚೆ ಬಿದ್ದದ್ದು, ಗುಂಪಿಗಾಗಿ ಕೂಗುತ್ತಿತ್ತು.

ಸೊಸೆ ನೆಲದ ಮೇಲೆ ಕುಸಿದು ಅತ್ತಳು. ಅಕ್ಕ ಆ ಮರಿಯನ್ನು ಅವಳ ಅಂಗೈಯಲ್ಲಿಟ್ಟರು. "ಕೂಗಿದ್ದು ಇದೇ ಕಣೆ. ನಿನ್ನ ಕಿವಿ ಸುಳ್ಳು ಹೇಳಿಲ್ಲ. ನನ್ನ ಕಣ್ಣು ಮುಚ್ಚಿತ್ತು, ಅಷ್ಟೇ."

ಅಂದಿನಿಂದ ಒಬ್ಬರು ಕೇಳಿ, ಇನ್ನೊಬ್ಬರು ನೋಡಿದ ಮೇಲೆಯೇ ಬಲ್ಬಿನ ಹಗ್ಗಕ್ಕೆ ಕೈ.

ಇವತ್ತು ಬಿಸಿಲೇರುವ ಹೊತ್ತಿಗೆ ತೋಟದ ಮಾಲೀಕರು ಬರುತ್ತಾರೆ. ಅವರು ಕೂರುವ ಮೊದಲೇ ಅಕ್ಕ ಹೇಳುತ್ತಾರೆ: "ಎರಡು ಹೋದ್ವು. ಕಾವು ಹೆಚ್ಚಾಯ್ತು. ತಪ್ಪು ನಮ್ಮಿಬ್ಬರದೂ." ಸೊಸೆ ತಲೆ ಎತ್ತುವುದಿಲ್ಲ.

ಮಾಲೀಕರು ಗೂಡಿನೊಳಗೆ ಬಗ್ಗಿ ನೋಡುತ್ತಾರೆ. ಅಷ್ಟರಲ್ಲಿ ಸೊಸೆಯ ಬೆರಳು ತಾನಾಗಿ ಮೇಲೇಳುತ್ತದೆ: ಒಂದು ಅಳುತ್ತಿದೆ. ಅಕ್ಕನ ಕಣ್ಣು ಗೂಡು ಸುತ್ತಿ, ಗೋಣಿಯ ನೂಲಿಗೆ ಕಾಲು ಸಿಕ್ಕಿಸಿಕೊಂಡ ಮರಿಯ ಮೇಲೆ ನಿಲ್ಲುತ್ತದೆ. ಅವರು ಮರಿ ಹಿಡಿಯುತ್ತಾರೆ, ಸೊಸೆ ನೂಲು ಕತ್ತರಿಸುತ್ತಾಳೆ. ಬಿಟ್ಟೊಡನೆ ಅದು ಗುಂಪಿನೊಳಗೆ ಮಾಯ.

ಮಾಲೀಕರು ಚಪ್ಪಲಿ ಮೆಟ್ಟುತ್ತಾ ಅಕ್ಕನ ಎದುರು ನಿಂತು, ತುಟಿ ಕಾಣುವಂತೆ ಬಿಡಿಸಿ ಹೇಳುತ್ತಾರೆ: "ನಾಳಿದ್ದು ಮೊಟ್ಟೆ ಒಡೆಯುತ್ತೆ. ಗೂಡು ಬಿಸಿ ಮಾಡಿಟ್ಟಿರಿ."

ಅವರು ಹೋದ ಮೇಲೆ ಪಕ್ಕದ ಮನೆಯಾಕೆ ಇಣುಕಿ ರೇಗಿಸುತ್ತಾಳೆ: "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮನೇಲಿ ಈಗ ಯಾರ ಕಾಲ?" ಸೊಸೆ ನಗುತ್ತಾ ಅದನ್ನು ಅತ್ತೆಯ ಮುಖಕ್ಕೆ ಮುಖ ಕೊಟ್ಟು ಮತ್ತೆ ಹೇಳುತ್ತಾಳೆ.

"ಮರಿಗಳ ಕಾಲ" ಎನ್ನುತ್ತಾರೆ ಗಿನಿಯಕ್ಕ. ಆಮೇಲೆ ಸೊಸೆಯ ಸೆರಗಿಗೆ ಅಂಟಿದ ಪುಕ್ಕ ತೆಗೆಯುತ್ತಾ, ಪಕ್ಕದ ಮನೆಯಾಕೆಗೆ ದನಿ ತಗ್ಗಿಸಿ ಹೇಳುತ್ತಾರೆ. "ಕಿವಿಗೆ ಮಿಷನ್ ಹಾಕಿಸ್ತೀನಿ ಅಂತ ಮಗ ಹೇಳಿದ್ದಾನೆ. ಹಾಕಿಸ್ಲಿ. ಕೇಳಿಸೋಕೆ ಶುರುವಾಯ್ತು ಅಂತ ಇವಳು ಹೀಗೆ ಹತ್ರ ಬಂದು ಮಾತಾಡೋದು ಬಿಡದಿದ್ರೆ ಸಾಕು."